ಕಡೆಗಣ್ಣಿಗೆ ಮಾತ್ರ ಮಿಣುಕುವ ಗಡಿಯಾರ

ನಾಲ್ಕಂಕಿಯ ಈ ಎಲ್‌ಇಡಿ ಗಡಿಯಾರದ ಕಿಟ್ ಬೆಸುಗೆ ಹಾಕಿ ಹಾಸಿಗೆ ಪಕ್ಕ ಇಟ್ಟುಕೊಂಡು ಎರಡು ವರ್ಷವಾಯಿತು. ಸಮಯದ ಬಗ್ಗೆ ತಕರಾರಿಲ್ಲ. ತಕರಾರು ಮಿಣುಕಿನದು.

ನೇರ ನೋಡಿದರೆ ಏನೂ ಗೊತ್ತಾಗದು. ರಾತ್ರಿ ಮಗ್ಗುಲು ಬದಲಿಸುವಾಗ ಕಡೆಗಣ್ಣಿಗೆ ಬಿತ್ತೋ, ಪಟಪಟ ಶುರು. ಕತ್ತಲಲ್ಲಿ ನೋಟ ಥಟ್ಟನೆ ಹೊರಳಿಸಿದರೆ ಅಂಕಿಗಳು ಚೆಲ್ಲಾಪಿಲ್ಲಿ. ಗರಿಗರಿಯಾದದ್ದೇನಾದರೂ ಅಗಿಯುತ್ತಾ ನೋಡಿದರಂತೂ ಕುಣಿತವೇ! ನನ್ನ ಕಣ್ಣೇ ಕೆಟ್ಟಿದೆಯೆಂದು ಪರೀಕ್ಷೆ ಮಾಡಿಸಿದ್ದೂ ಆಯಿತು.

ಕೋಡ್ ತೆರೆದ ದಿನ ಗುಟ್ಟು ರಟ್ಟಾಯಿತು. ಒಂದು ಹೊತ್ತಿಗೆ ಉರಿಯುವುದು ಒಂದೇ ಅಂಕಿ, ತಲಾ 5 ಮಿಲಿಸೆಕೆಂಡ್. ಸೆಕೆಂಡಿಗೆ 200 ಸಲ ಅಂಕಿ ಬದಲಾಗುತ್ತದಲ್ಲ ಎಂದು ಬರೆದವರು ಸಮಾಧಾನಪಟ್ಟಿರಬೇಕು. ಪ್ರತಿ ಅಂಕಿಯ ಪಾಲಿಗೆ ಬರುವುದು 50 ಸಲ ಮಾತ್ರ! ಸಾಲದ್ದಕ್ಕೆ ಇದೆಲ್ಲ ಮುಖ್ಯ ಲೂಪಿನೊಳಗೇ, ಅಂದರೆ ಎಲ್ಲ ಕೆಲಸವೂ ಒಂದಾದ ಮೇಲೊಂದು ನಡೆಯುವ ಕಡೆಯೇ ಇತ್ತು. ನಿಮಿಷಕ್ಕೊಮ್ಮೆ ತಾಪಮಾನದ ಸೆನ್ಸರ್ ಓದುವಾಗ ಒಂದಂಕಿ ಭಗ್ಗನೆ ಹೊಳೆದು, ಉಳಿದ ಮೂರು ಆರುತ್ತಿದ್ದವು.

ಅಂಕಿ ಬದಲಿಸುವ ಕೆಲಸವನ್ನು ಟೈಮರ್ ಇಂಟರಪ್ಟ್‌ಗೆ ಹಾಕಿದೆ: ನಿಗದಿತ ಹೊತ್ತಿಗೊಮ್ಮೆ ಬೇರೆ ಕೆಲಸ ತಡೆದು ಇದು ನಡೆಯುತ್ತದೆ. 16 ಮೆಗಾಹರ್ಟ್ಸ್ ಕ್ಲಾಕ್, ಅದನ್ನು 64ರಿಂದ ಭಾಗಿಸುವ ಪ್ರಿಸ್ಕೇಲರ್, 250 ಎಣಿಕೆ: ಅಂಕಿಗೆ 1 ಮಿಲಿಸೆಕೆಂಡ್, ಪೂರ್ತಿ ಸುತ್ತು 250 ಹರ್ಟ್ಸ್, ಅಂದರೆ ಸೆಕೆಂಡಿಗೆ 250 ಸಲ. ಆ ರಾತ್ರಿ ದೀಪ ಆರಿಸಿ, ಬೇಕೆಂದೇ ಹೊರಳಾಡಿ ನೋಡಿದೆ. ಅಂಕಿಗಳು ಕೊರೆದಿಟ್ಟ ಹಾಗೆ ನಿಂತಿದ್ದವು. ಕಿಟ್ ಮೇಲಿದ್ದ ಸಿಟ್ಟು ಅರ್ಧ ಇಳಿದದ್ದು ಆಗಲೇ. ಕೋಡ್ ಮುಚ್ಚಿಟ್ಟಿದ್ದರೆ ನಾನೇನು ಮಾಡಬೇಕಿತ್ತು?

ಆಸೆ ಬಿಡಬೇಕಲ್ಲ, 1000 ಹರ್ಟ್ಸ್‌ಗೂ ಏರಿಸಿದೆ. 1ರ ಮೈಮೇಲೆ ಪಕ್ಕದ 8ರ ನೆರಳು! ಅಂಕಿಯ ಪಾಲಿನ ಹೊತ್ತು ಕಾಲು ಭಾಗಕ್ಕೆ ಇಳಿದಿತ್ತು, ಅಂಕಿಯನ್ನು ಹೊತ್ತಿಸಿ ಆರಿಸುವ ಟ್ರಾನ್ಸಿಸ್ಟರ್ ಆರಲು ಹಿಡಿಯುವ ಹೊತ್ತು ಇದ್ದಷ್ಟೇ ಇತ್ತು. ಅಂಕಿಯ ಗೆರೆಗಳನ್ನೆಲ್ಲ (ಸೆಗ್ಮೆಂಟ್) ಆರಿಸಿ, ತುಸು ತಡೆದು ಮುಂದಿನ ಅಂಕಿಗೆ ಹೋದರೆ ನೆರಳೇನೋ ಹೋಯಿತು, ಜೊತೆಗೆ ಬೆಳಕೂ ಮಂಕಾಯಿತು. ಮರಳಿ 250ಕ್ಕೇ ಬಂದೆ. ಆ ತಡೆಯನ್ನು ಮಾತ್ರ ಉಳಿಸಿಕೊಂಡೆ.

ತಾಪಮಾನ ಓದುವಾಗ ಈಗಲೂ ಚಿಕ್ಕದೊಂದು ಮಿಂಚು. ಸೆನ್ಸರ್ ಲೈಬ್ರರಿ ಕೆಲವು ಮಿಲಿಸೆಕೆಂಡ್ ಇಂಟರಪ್ಟ್ ತಡೆದಿಡುತ್ತದೆ. ಅಷ್ಟನ್ನು ಸಹಿಸಿಕೊಂಡಿದ್ದೇನೆ.

ಕೋಡ್ ಮುಟ್ಟುವ ಮನಸ್ಸಿಲ್ಲದವರು ಮ್ಯಾಕ್ಸ್ 7219 ಚಿಪ್ ಇರುವ ಡಿಸ್‌ಪ್ಲೇ ನೋಡಿ. ಅದು ತಾನೇ ಸುಮಾರು 800 ಹರ್ಟ್ಸ್‌ನಲ್ಲಿ ಸುತ್ತುತ್ತಿರುತ್ತದೆ, ಕೋಡ್ ಓಡಿಸುವ ಕಂಟ್ರೋಲರ್ ಚಿಪ್ ಏನು ಮಾಡುತ್ತಿದ್ದರೂ. ಕೆದಕುವ ಚಟವಿದ್ದವರಿಗೆ ಈ ಕಿಟ್ಟೇ ಸರಿ. ನನ್ನ ಅಂಕ ಐದಕ್ಕೆ ಮೂರೂವರೆ.

ಫೋನ್ ಕ್ಯಾಮೆರಾಗೆ ಮಾತ್ರ ಇದಿನ್ನೂ ಸರಿಯಾಗಿ ಕಾಣುವುದಿಲ್ಲ. ಫೋಟೊದಲ್ಲಿ ಒಂದಂಕಿ ಕಾಣೆಯಾಗಿದ್ದರೆ ಗಡಿಯಾರ ಕೆಟ್ಟಿದೆ ಎಂದಲ್ಲ.