83 ಕಾರ್ಡುಗಳಲ್ಲಿ ನಮ್ಮವೆಷ್ಟು?

ಲೋಕ ಒಪ್ಪಿದ ದಾರಿಯನ್ನು ಬಿಟ್ಟು ತಮ್ಮಿಷ್ಟದಂತೆ ಬದುಕಬೇಕೆಂದು ಹೊರಡುವವರಿಗಾಗಿ ಮಾರಾಟವಾಗುವ ದಿನಚರಿ, ಶಿಬಿರ, ಆ್ಯಪ್‌ಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಹೆಚ್ಚಿನವು ಮನಸ್ಸಿನ ಮಾತು ಕೇಳಿ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುತ್ತವೆಯೇ ಹೊರತು, ಒಳಗೆ ಮಾತಾಡುತ್ತಿರುವುದು ನಾವೋ, ನಮ್ಮ ಹೆತ್ತವರೋ, ಓರಗೆಯವರೋ ಎಂದು ಗುರುತಿಸುವ ಬಗೆಯನ್ನು ತಿಳಿಸುವುದಿಲ್ಲ. ಈ ಗುರುತಿಸುವ ಕೆಲಸಕ್ಕೆ ನಾನು ಬಳಸಿ ನೋಡಿದವುಗಳಲ್ಲಿ ತೀರಾ ಸರಳವಾದದ್ದು ಮತ್ತು ಹೆಚ್ಚು ಉಪಯೋಗಕ್ಕೆ ಬಂದದ್ದು 'ಪರ್ಸನಲ್ ವ್ಯಾಲ್ಯೂಸ್ ಕಾರ್ಡ್ ಸಾರ್ಟ್' ಎಂಬ, ನಮಗೆ ಯಾವ ಮೌಲ್ಯ ಎಷ್ಟು ಮುಖ್ಯವೆಂದು ವಿಂಗಡಿಸಿ ನೋಡುವ ಕಾರ್ಡುಗಳ ಕಟ್ಟು.

ಇದನ್ನು 2001ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ಮತ್ತು ಅವರ ಸಂಗಡಿಗರು ಸಿದ್ಧಪಡಿಸಿದರು. ಕುಡಿತದ ಸಮಸ್ಯೆಯಿರುವವರೊಂದಿಗೆ ಒತ್ತಾಯವಿಲ್ಲದೆ ಮಾತಾಡಿ, ಬದಲಾವಣೆಯ ಕಾರಣಗಳನ್ನು ಅವರಿಂದಲೇ ಹೇಳಿಸುವ ಆಪ್ತಸಮಾಲೋಚನಾ ಪದ್ಧತಿಯೊಂದನ್ನು ರೂಪಿಸಿದವರೂ ಇದೇ ಮಿಲ್ಲರ್. ಯಾರು ಬೇಕಾದರೂ ಅನುಮತಿ ಕೇಳದೆ ಈ ಕಾರ್ಡುಗಳನ್ನು ಮುದ್ರಿಸಿಕೊಳ್ಳಬಹುದು, ತಿದ್ದಿಕೊಳ್ಳಬಹುದು. ತೆಳು ಹಾಳೆಯಲ್ಲಿ ಮುದ್ರಿಸಿದರೆ ಕಾರ್ಡುಗಳು ಕೈಯಲ್ಲಿ ಮುದುಡುತ್ತವೆ, ಆದ್ದರಿಂದ ದಪ್ಪ ಕಾಗದವೇ ಒಳ್ಳೆಯದು. ಇದೇ ಬಗೆಯ ಕಟ್ಟುಗಳು ಬಣ್ಣದ ಚಿತ್ರಗಳೊಂದಿಗೆ ಅಂಗಡಿಗಳಲ್ಲಿಯೂ ಸಿಗುತ್ತವೆ; ಆದರೆ ನಗುವ ಕುಟುಂಬದ ಚಿತ್ರವಿರುವ ಕಾರ್ಡನ್ನು ಮುಖ್ಯವಲ್ಲ ಎಂದು ಪಕ್ಕಕ್ಕಿಡಲು ಯಾರ ಕೈ ತಾನೇ ಏಳುತ್ತದೆ? ಬರಿಯ ಅಕ್ಷರಗಳಿರುವ ಮೂಲ ಕಟ್ಟಿನಲ್ಲಿ ಆ ಒತ್ತಡವಿಲ್ಲ.

ಒಟ್ಟು 83 ಕಾರ್ಡುಗಳಲ್ಲಿ ಒಂದೊಂದರ ಮೇಲೂ ಒಂದು ಮೌಲ್ಯದ ಹೆಸರು ಮತ್ತು ಒಂದೇ ಸಾಲಿನ ವಿವರಣೆ ಇರುತ್ತದೆ. ಅವನ್ನು ನನಗೆ ಬಹಳ ಮುಖ್ಯ, ಮುಖ್ಯ, ಮುಖ್ಯವಲ್ಲ ಎಂಬ ಮೂರು ಗುಂಪುಗಳಾಗಿ ವಿಂಗಡಿಸಬೇಕು. ಕೇಳಲು ಮಕ್ಕಳಾಟದಂತಿದ್ದರೂ ಜನಪ್ರಿಯತೆ, ಎಂದರೆ ಹಲವರ ಮೆಚ್ಚುಗೆ ಗಳಿಸುವುದು, ಎಂಬ ಕಾರ್ಡು ಕೈಗೆ ಬಂದಾಗ ಆಟ ಬಿಗಿಯಾಗುತ್ತದೆ. ಅದನ್ನು ಮೂರನೆಯ ಗುಂಪಿಗೆ ಹಾಕುವುದು ಸುಲಭ, ಹಾಕಿದ ಮೇಲೆ ನಮ್ಮ ದಿನದ ಎಷ್ಟು ಹೊತ್ತು ಅದಕ್ಕಾಗಿಯೇ ಕಳೆಯುತ್ತದೆ ಎಂಬ ಲೆಕ್ಕವನ್ನು ಎದುರಿಸುವುದು ಕಷ್ಟ. ಗೌರವಾನ್ವಿತ ಪರಂಪರೆಯನ್ನು ಅನುಸರಿಸುವ ಕಾರ್ಡೂ, ಅಧಿಕಾರವನ್ನು ಮತ್ತು ರೂಢಿಯನ್ನು ಪ್ರಶ್ನಿಸುವ ಕಾರ್ಡೂ ಒಂದೇ ಕಟ್ಟಿನಲ್ಲಿವೆ. ಎರಡನ್ನೂ ಬಹಳ ಮುಖ್ಯ ಎಂದು ಇಟ್ಟುಕೊಂಡರೂ ತಪ್ಪೆಂದು ಹೇಳುವವರು ಯಾರೂ ಇಲ್ಲ. ಬಂಡಾಯವೇ ಸ್ವಾತಂತ್ರ್ಯವೆಂದು ಬೋಧಿಸುವ ಶಿಬಿರಗಳಿಗಿಂತ ಈ ಕಟ್ಟು ನನಗೆ ಹಿಡಿಸಿದ್ದು ಇದೇ ಕಾರಣಕ್ಕೆ.

ದೋಷವೂ ಇದೆ, ಅದು ಸಣ್ಣದಲ್ಲ. ಒಂದು ಮೌಲ್ಯ ಮುಖ್ಯವೇ ಎಂದು ಕಟ್ಟು ಕೇಳುತ್ತದೆ, ಯಾರ ಕಣ್ಣಿಗೆ ಮುಖ್ಯ ಎಂದು ಕೇಳುವುದಿಲ್ಲ. ನಾವು ಆಗಬಯಸುವ ವ್ಯಕ್ತಿ ಬೇರೆ, ಆಗಲೇಬೇಕೆಂದು ಅನ್ನಿಸುವ ವ್ಯಕ್ತಿ ಬೇರೆ ಎಂದೂ, ಆ ಅಳತೆಗೋಲು ನಮ್ಮದೇ ಆಗಿರಬಹುದು ಅಥವಾ ನಮಗೆ ಬೇಕಾದವರದ್ದಾಗಿರಬಹುದು ಎಂದೂ ಮನಶ್ಶಾಸ್ತ್ರಜ್ಞ ಟೋರಿ ಹಿಗ್ಗಿನ್ಸ್ 1987ರಲ್ಲಿಯೇ ವಿಂಗಡಿಸಿ ತೋರಿಸಿದ್ದರು. ಈ ಕಟ್ಟಿನಲ್ಲಿ ಆ ಭೇದಕ್ಕೆ ಜಾಗವಿಲ್ಲವಾದ್ದರಿಂದ ಕರ್ತವ್ಯ, ಸಂಪತ್ತು, ಸ್ಥಿರತೆಯಂಥ ಕಾರ್ಡುಗಳು ಅಭ್ಯಾಸಬಲದಿಂದಲೇ ಮೊದಲ ಗುಂಪಿಗೆ ಹೋಗಿ ಕೂರುತ್ತವೆ. ಇದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ ಮೊದಲ ಗುಂಪನ್ನು ಎರಡನೆಯ ಸಲ ಕೈಗೆತ್ತಿಕೊಂಡು, ಇದು ನನ್ನಲ್ಲಿದೆಯೆಂದು ಯಾರಿಗೂ ಗೊತ್ತಾಗದಿದ್ದರೂ ಬೇಕೇ ಎಂದು ಪ್ರತಿ ಕಾರ್ಡಿಗೂ ಕೇಳುವುದು. ಸಂಪತ್ತಿನ ಕಾರ್ಡು ಅಲ್ಲಿಂದ ಕೆಳಗಿಳಿಯಿತು. ಏಕಾಂತದ ಕಾರ್ಡು ಮೇಲೇರಿತು. ಕರ್ತವ್ಯ ಮಾತ್ರ ಕದಲಲಿಲ್ಲ, ಅದನ್ನು ಕದಲಿಸಬೇಕೆಂದು ನನಗೂ ಅನ್ನಿಸಲಿಲ್ಲ.

ವಿಂಗಡಣೆಯನ್ನು ಒಬ್ಬರೇ ಕುಳಿತು ಮಾಡುವುದು ಮೇಲು. ಗೆರೆಗಳ ಉದ್ದವನ್ನು ಹೋಲಿಸುವ ತಮ್ಮ ಪ್ರಸಿದ್ಧ ಪ್ರಯೋಗಗಳಲ್ಲಿ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ 1950ರ ದಶಕದಲ್ಲಿ ಕಂಡಂತೆ, ಜೊತೆಯವರೆಲ್ಲ ತಪ್ಪು ಉತ್ತರ ಹೇಳಿದ ಸಂದರ್ಭಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಉತ್ತರಗಳು ಕಣ್ಣಿಗೆ ಕಾಣುತ್ತಿದ್ದುದನ್ನು ಬಿಟ್ಟು ಗುಂಪಿನ ಕಡೆಗೇ ವಾಲಿದ್ದವು. ಉತ್ತರವನ್ನು ಬಾಯಿಬಿಟ್ಟು ಹೇಳದೆ ಬರೆದು ಕೊಡುವಂತಾದಾಗ ಆ ವಾಲುವಿಕೆ ಬಹಳವೇ ತಗ್ಗಿತು. ಗೆರೆಯ ಉದ್ದಕ್ಕೇ ಹೀಗಾದರೆ, ಸಂಗಾತಿ ಪಕ್ಕದಲ್ಲಿ ಕುಳಿತು ನೋಡುತ್ತಿರುವಾಗ ಪ್ರಣಯದ ಕಾರ್ಡಿನ ಗತಿ ಏನಾದೀತೆಂದು ಊಹಿಸಬಹುದು.

ಏಕಸಂಗಾತಿ ನಿಷ್ಠೆ, ದೇವರ ಇಚ್ಛೆ ಮೊದಲಾದ ಕೆಲವು ಕಾರ್ಡುಗಳಲ್ಲಿ ರಚಿಸಿದವರ ಕಾಲದೇಶಗಳ ನೆರಳಿದೆ. ಇಷ್ಟವಿಲ್ಲದಿದ್ದರೆ ತೆಗೆದಿಡಬಹುದು; ಪಟ್ಟಿಯಲ್ಲಿಲ್ಲದ ಮೌಲ್ಯಗಳಿಗೆಂದು ಖಾಲಿ ಕಾರ್ಡುಗಳೂ ಜೊತೆಗಿವೆ. ಉದ್ಯೋಗ ಬಿಡುವುದು, ಮದುವೆ ಬೇಡವೆನ್ನುವುದು, ಊರು ಬದಲಿಸುವುದು ಇಂಥ ತೀರ್ಮಾನವೊಂದು ತಲೆಯ ಮೇಲೆ ತೂಗುತ್ತಿರುವವರಿಗೆ ಇದನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ತೀರ್ಮಾನವನ್ನು ಆಗಲೇ ಮಾಡಿಕೊಂಡು, ಅದಕ್ಕೆ ಸಮರ್ಥನೆ ಹುಡುಕುತ್ತಿರುವವರು ಮುದ್ರಣದ ಕಾಗದವನ್ನು ಉಳಿಸಿಕೊಳ್ಳಬಹುದು, ಏಕೆಂದರೆ ಅವರ ಕೈಗೆ ಕಾರ್ಡುಗಳು ಅವರು ಬಯಸಿದ ಕ್ರಮದಲ್ಲಿಯೇ ಬಂದು ಬೀಳುತ್ತವೆ.