ಜಪಾನ್ ಕನ್ಸೋಲ್‌ಗೆ ನಮ್ಮ 230 ವೋಲ್ಟ್: ಟ್ರಾನ್ಸ್‌ಫಾರ್ಮರ್ರಾ, ಬೇರೆ ಅಡಾಪ್ಟರ್ರಾ?

ಜಪಾನ್ ಕರೆಂಟು 100 ವೋಲ್ಟ್, ನಮ್ದು 230, ಸೋ ಅಲ್ಲಿಂದ ತರಿಸಿದ ಹಳೇ ಗೇಮ್ ಕನ್ಸೋಲ್‌ಗೆ ಬರೀ ಪಿನ್ ಕನ್ವರ್ಟರ್ ಹಾಕಿ ಸ್ವಿಚ್ ಒತ್ತಿದ್ರೆ ಕಥೆ ಮುಗೀತು, ಅದು ಪಿನ್ನಿನ ಆಕಾರ ಬದಲಾಯಿಸುತ್ತೆ ಅಷ್ಟೇ.

ಸೂಪರ್ ಫ್ಯಾಮಿಕಾಮ್ ತರದ್ದಕ್ಕೆ ಅಡಾಪ್ಟರ್ ಹೊರಗಡೆ ಇರುತ್ತೆ, ಅದಕ್ಕೆ ಬೇಕಾಗಿರೋದು 10 ವೋಲ್ಟ್ ಡಿಸಿ, 850 ಮಿಲಿಆಂಪ್, ಇದಕ್ಕೆ 230ನ್ನ 100ಕ್ಕೆ ಇಳಿಸೋ ಟ್ರಾನ್ಸ್‌ಫಾರ್ಮರ್ ತಗೊಳ್ಳೋದು ನನ್ ಪ್ರಕಾರ ದುಡ್ಡು ದಂಡ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಒಂದು ಒಳ್ಳೆ 9 ವೋಲ್ಟ್ ಅಡಾಪ್ಟರ್ ತಗೊಂಡ್ರೂ ನಡೆಯುತ್ತೆ, ಕನ್ಸೋಲ್ ಒಳಗೆ ಹೇಗೂ 5ಕ್ಕೆ ಇಳಿಸಿಕೊಳ್ಳುತ್ತೆ. ಆದ್ರೆ ಅಡಾಪ್ಟರ್ ಸ್ಟಿಕ್ಕರ್ ಮೇಲಿರೋ ಪುಟ್ಟ ಚಿತ್ರ ನೋಡ್ಲೇಬೇಕು, ನಡುವಿನ ಚುಕ್ಕಿಗೆ ಮೈನಸ್ ಸೇರಿರ್ಬೇಕು, ಅಂಗಡೀಲಿ ಸಿಗೋ ಬಹುಪಾಲು ಅಡಾಪ್ಟರಲ್ಲಿ ಅಲ್ಲಿ ಪ್ಲಸ್ ಇರುತ್ತೆ. ಆಂಪ್ ಜಾಸ್ತಿ ಇದ್ರೆ ಪರ್ವಾಗಿಲ್ಲ, ಕಮ್ಮಿ ಇರಬಾರ್ದು.

ಸ್ಯಾಟರ್ನ್, ಡ್ರೀಮ್‌ಕಾಸ್ಟ್, ಮೊದಲ ಪ್ಲೇಸ್ಟೇಷನ್‌ದು ಬೇರೆ ಲೆಕ್ಕ, ಪವರ್ ಸಪ್ಲೈ ಹೊಟ್ಟೆಯೊಳಗೇ ಇದೆ, ಇವಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರೇ ಸರಿ. 100 ವಾಟ್‌ದು ಧಾರಾಳ ಸಾಕು. 110ಕ್ಕೆ ಇಳಿಸೋದು ಸುಲಭವಾಗಿ ಸಿಗುತ್ತೆ, ಕನ್ಸೋಲೂ ಓಡುತ್ತೆ, ಆದ್ರೆ 100ರದ್ದು ಸಿಕ್ಕಿದ್ರೆ ಅದನ್ನೇ ತಗೊಳ್ಳಿ. ಹೇರ್ ಡ್ರೈಯರ್‌ಗೆ ಅಂತ ಮಾರೋ ಹಗುರವಾದ ಟ್ರಾವೆಲ್ ಕನ್ವರ್ಟರ್ ಮಾತ್ರ ಬೇಡ್ವೇ ಬೇಡ, ಅದು ಕರೆಂಟಿನ ಅಲೆಯನ್ನ ಕತ್ತರಿಸಿ ಕೊಡುತ್ತೆ, ಎಲೆಕ್ಟ್ರಾನಿಕ್ಸ್‌ಗೆ ಆಗಲ್ಲ. ಡ್ರೀಮ್‌ಕಾಸ್ಟ್‌ಗೆ ಯುರೋಪ್ ಮಾಡೆಲ್‌ನ ಪವರ್ ಬೋರ್ಡ್ ಹಾಕ್ಸೋರೂ ಇದಾರೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರಲ್ಲಿ ಚಾರ್ಜ್ ಉಳ್ದಿರುತ್ತೆ, ಕೈ ಹಾಕೋ ಮುಂಚೆ ಗೊತ್ತಿರೋರ ಹತ್ರ ಕೊಡಿ.