ನಂದಿ ಕಣಿವೆ 'ವೈನ್ ಟೂರ್' ಪ್ಯಾಕೇಜ್: ದುಡ್ಡು ಹಾಕೋ ಮೊದಲು ಓದಿ

ನಂದಿ ಬೆಟ್ಟದ ಕಡೆ ಒಂದು ದಿನದ ವೈನ್ ಟೂರ್ ಅಂತ ಯಾರಾದ್ರೂ ಇನ್‌ಸ್ಟಾಗ್ರಾಮಲ್ಲಿ ಪ್ಯಾಕೇಜ್ ತೋರಿಸಿದ್ರೆ ಮೊದಲು ಕೇಳಿ: ಯಾವ ವೈನರಿ? ಬುಕಿಂಗ್ ಯಾರ ಹೆಸರಲ್ಲಿದೆ? ನಾನು ಕೇಳಿದ್ದೆ. "ಪ್ರೀಮಿಯಂ ಪಾರ್ಟ್ನರ್ ಮೇಡಮ್, ಹಿಂದಿನ ದಿನ ಡೀಟೇಲ್ಸ್ ಕಳಿಸ್ತೀವಿ" ಅಂದ ಪ್ಯಾಕೇಜ್ ಮಾರೋ ಏಜೆಂಟ್. ಹಿಂದಿನ ದಿನ ಕಳಿಸಿದ ಕೂಡ, ದೊಡ್ಡಬಳ್ಳಾಪುರದ ಕಡೆಯ ಒಂದು ಹೆಸರಾಂತ ವೈನರಿಯ ಹೆಸರು, ಲೊಕೇಶನ್, 'ಸ್ಲಾಟ್ ಕನ್ಫರ್ಮ್ಡ್' ಅಂತ ಹಸಿರು ಟಿಕ್ ಬೇರೆ. ಆ ಟಿಕ್ ಹಾಕಿದ್ದೂ ಅವನೇ.

ತಲೆಗೆ 2,800 ರೂಪಾಯಿ. ಆರು ಜನಕ್ಕೆ 16,800. ಅರ್ಧ ಈಗ, ಅರ್ಧ ಅಲ್ಲಿಗೆ ಹೋದ ಮೇಲೆ ಕೊಡ್ತೀನಿ ಅಂದೆ. "ವೀಕೆಂಡ್ ಸ್ಲಾಟ್ ಹೋಗ್ಬಿಡುತ್ತೆ ಮೇಡಮ್, ಫುಲ್ ಪೇಮೆಂಟ್ ಮಾಡಿದವರಿಗೆ ಮಾತ್ರ." ಪಟ್ಟಿಯಲ್ಲಿ ಏನೇನಿತ್ತು ಗೊತ್ತಾ? ಬೆಟ್ಟದ ಮೇಲೆ ಸೂರ್ಯೋದಯ, ಭೋಗನಂದೀಶ್ವರ ದೇವಸ್ಥಾನ, ವೈನರಿ ಒಳಗೆಲ್ಲ ಓಡಾಟ, ಐದು ಥರದ ವೈನ್ ರುಚಿ, ಊಟ, ಕೊನೆಗೆ ತೋಟದಲ್ಲಿ ದ್ರಾಕ್ಷಿ ಕಿತ್ತು ತೊಟ್ಟಿಯಲ್ಲಿ ಹಾಕಿ ತುಳಿಯೋದು. ಕುಡಿಯದವರಿಗೆ ತಾಜಾ ಜ್ಯೂಸ್.

ನಮ್ಮನೆಯವರ ಅಕ್ಕ-ಭಾವ ದಾವಣಗೆರೆಯಿಂದ ಬಂದಿದ್ರು. ಜೊತೆಗೆ ಅವರ ಮಗಳು, ಹೊಸ ಅಳಿಯ. ಮದುವೆಯಾದ ಮೇಲಿನ ಮೊದಲ ದೀಪಾವಳಿ. ಹಬ್ಬ ಮುಗಿಸಿ ಬಂದ ಅಳಿಯಂದ್ರನ್ನ ಮಾಲ್‌ಗೆ ಕರ್ಕೊಂಡು ಹೋಗಿ ಪಾಪ್‌ಕಾರ್ನ್ ಕೊಡಿಸಿ ಕಳಿಸೋಕಾಗುತ್ತಾ? ಅದಕ್ಕೇ ಇಷ್ಟು ಖರ್ಚು. ಅದಕ್ಕೇ ಇಷ್ಟು ಉರಿ.

ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ಬರಬೇಕಿದ್ದ ಗಾಡಿ ಬಂದಿದ್ದು ಐದೂವರೆಗೆ. ಭಾನುವಾರದ ನಂದಿ ಹೇಗಿರುತ್ತೆ ಅಂತ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಕೆಳಗಿನ ಚೆಕ್‌ಪೋಸ್ಟ್ ದಾಟೋಕೇ ಸಾಲು. ಸೂರ್ಯ ನಮಗೆ ಕಂಡಿದ್ದು ಮುಂದಿನ ಇನೋವಾದ ಹಿಂಗಾಜಲ್ಲಿ. ಹೋಗ್ಲಿ ಬಿಡಿ. ಕೆಳಗೆ ಭೋಗನಂದೀಶ್ವರನ ಸನ್ನಿಧಿಯಲ್ಲಿ ಎಲ್ಲರ ಮನಸ್ಸೂ ತಣ್ಣಗಾಯ್ತು. ಒಂಬತ್ತನೇ ಶತಮಾನದಷ್ಟು ಹಳೇ ಗುಡಿ, ಆ ಕಂಬಗಳ ಕೆತ್ತನೆ, ಶೃಂಗಿ ತೀರ್ಥ ಅನ್ನೋ ಕಲ್ಯಾಣಿಯ ಮೆಟ್ಟಿಲು. ಅತ್ತಿಗೆ ಅಲ್ಲಿಂದ ಏಳೋಕೇ ತಯಾರಿರಲಿಲ್ಲ. ಆ ಇಡೀ ದಿನದಲ್ಲಿ ನಾವು ಕೊಟ್ಟ ದುಡ್ಡಿಗೆ ಸಂಬಂಧವೇ ಇಲ್ಲದೆ ಸಿಕ್ಕ ಒಳ್ಳೇದು ಅಂದ್ರೆ ಅದೊಂದೇ.

ಆಮೇಲೆ ವೈನರಿ ಗೇಟು. ಸೆಕ್ಯೂರಿಟಿಯವರು ರಿಜಿಸ್ಟರ್ ನೋಡಿದ್ರು. ನನ್ನ ಹೆಸರಿಲ್ಲ. ಏಜೆಂಟ್ ಹೆಸರು ಹೇಳಿದೆ, ಅದೂ ಇಲ್ಲ. ಒಳಗೆ ಫೋನ್ ಮಾಡಿ ಕೇಳಿ, ತುಂಬಾ ಮರ್ಯಾದೆಯಿಂದಲೇ ಹೇಳಿದ್ರು: "ಇವತ್ತಿನ ಟೂರ್ ಎಲ್ಲಾ ಫುಲ್ ಆಗೈತೆ ಮೇಡಂ. ಈ ಹೆಸರಲ್ಲಿ ಯಾವ ಬುಕಿಂಗೂ ಬಂದಿಲ್ಲ." ನಾನು ಆ ಹಸಿರು ಟಿಕ್ ತೋರಿಸಿದೆ. ಅವರು ನನ್ನ ಮುಖ ನೋಡಿದ ರೀತಿ ಇನ್ನೂ ಕಣ್ಣ ಮುಂದಿದೆ. ಅಳಿಯಂದ್ರು ಪಕ್ಕದಲ್ಲೇ ನಿಂತಿದ್ರು. ಏನೂ ಗೊತ್ತಾಗದ ಹಾಗೆ ಫೋನ್ ನೋಡ್ತಾ ನಿಂತಿದ್ರು, ಪಾಪ.

ನಾನು ಬಿಡಲಿಲ್ಲ. ಹೋಗ್ಲಿ, ದ್ರಾಕ್ಷಿ ತುಳಿಯೋದಾದ್ರೂ ಇದೆಯಾ ಅಂತ ಕೇಳಿದೆ. ಅವರು ನಕ್ಕೇಬಿಟ್ರು. "ಈಗೆಲ್ಲಿ ಹಣ್ಣು ಮೇಡಂ? ಮೊನ್ನೆ ಮೊನ್ನೆ ಕಟಿಂಗ್ ಆಗಿ ಚಿಗುರು ಬಂದೈತೆ. ಹಣ್ಣಿಗೆ ಶಿವರಾತ್ರಿ ಹೊತ್ತಿಗೆ ಬನ್ನಿ."

ಆಗ ಗೊತ್ತಾಯ್ತು ಇವನು ಎಂಥಾ ಟೋಪಿ ಹಾಕಿದಾನೆ ಅಂತ. ನಮ್ಮ ಕಡೆ ವೈನ್ ದ್ರಾಕ್ಷಿ ಬಳ್ಳಿಗೆ ವರ್ಷಕ್ಕೆ ಎರಡು ಸಲ ಕತ್ತರಿ ಹಾಕ್ತಾರಂತೆ. ಕೊಯ್ಲು ಮುಗಿದ ಮೇಲೆ ಬೇಸಿಗೆಯಲ್ಲೊಂದು, ಹಣ್ಣಿಗಾಗಿ ಸೆಪ್ಟೆಂಬರ್-ಅಕ್ಟೋಬರಲ್ಲಿ ಇನ್ನೊಂದು. ಕೊಯ್ಲು ಫೆಬ್ರವರಿ-ಮಾರ್ಚ್‌ನಲ್ಲಿ. ದೀಪಾವಳಿ ಹೊತ್ತಿಗೆ ಬಳ್ಳಿಯಲ್ಲಿ ಏನಿರುತ್ತೆ? ಎಲೆ! ಎಲೆ ತೋರಿಸಿ ಹಣ್ಣಿನ ದುಡ್ಡು ವಸೂಲಿ. ದಿನಾ ಇದೇ ವ್ಯಾಪಾರ ಮಾಡೋನಿಗೆ ಇದು ಗೊತ್ತಿರಲಿಲ್ಲ ಅಂದ್ರೆ ನಾನು ನಂಬಲ್ಲ.

ಫೋನ್ ಮಾಡಿದೆ. ಎತ್ತಲಿಲ್ಲ. ಡ್ರೈವರ್ ಫೋನಿಂದ ಮಾಡಿದ್ರೆ ಮೊದಲ ರಿಂಗಿಗೇ ಎತ್ತಿದ! "ವೈನರಿ ಸೈಡಿಂದ ಮಿಸ್ಟೇಕ್ ಆಗಿದೆ ಮೇಡಮ್. ವರಿ ಮಾಡ್ಬೇಡಿ, ನಮ್ಮದೇ ವೈನ್‌ಯಾರ್ಡ್ ಇದೆ, ಅದಕ್ಕಿಂತ ಚೆನ್ನಾಗಿದೆ, ತುಂಬಾ ಪ್ರೈವೇಟ್."

ಪ್ರೈವೇಟ್ ಅಂದ್ರೆ ಹಸಿರು ನೆಟ್ ಕಟ್ಟಿದ ಒಂದು ಶೆಡ್ಡು. ಪ್ಲಾಸ್ಟಿಕ್ ಕುರ್ಚಿ. ಸುತ್ತ ನೀಲಗಿರಿ ಮರ. ಜಾಹೀರಾತಿನ ಫೋಟೋದಲ್ಲಿ ಇಳಿಜಾರು ಗುಡ್ಡ, ಸಾಲು ಸಾಲು ಸೈಪ್ರಸ್ ಮರ ಇತ್ತು. ಅಳಿಯಂದ್ರು ಮೆಲ್ಲಗೆ "ಅದು ಇಟಲಿ ಫೋಟೋ ಅನ್ಸುತ್ತೆ" ಅಂದ್ರು. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.

ಐದು ಥರದ ವೈನ್ ಅಂದ್ರೆ ಎರಡು ಬಾಟ್ಲಿ. ಒಂದರ ಮೇಲೆ ಅಂಗಡಿಯ ರೇಟ್ ಸ್ಟಿಕ್ಕರ್ ಹಾಗೇ ಇತ್ತು. ಸುರಿದುಕೊಟ್ಟಿದ್ದು ಪ್ಲಾಸ್ಟಿಕ್ ಲೋಟಕ್ಕೆ. 'ವೈನ್ ಎಕ್ಸ್‌ಪರ್ಟ್' ಯಾರು ಅಂದ್ರೆ ಕುರ್ಚಿ ಹಾಕಿದ ಹುಡುಗನೇ. ಊಟಕ್ಕೆ ತಣ್ಣಗಾದ ಪಲಾವ್, ಗೋಬಿ ಮಂಚೂರಿ. ಜ್ಯೂಸ್ ಟೆಟ್ರಾ ಪ್ಯಾಕಿಂದು.

ಈಗ ತುಳಿಯೋ ಕಥೆ. ನೀಲಿ ಬಣ್ಣದ ಸ್ನಾನದ ಟಬ್ಬು. ಅದರಲ್ಲಿ ಬೆಂಗಳೂರು ಬ್ಲೂ, ನಾವು ಚಿಕ್ಕಂದಿನಿಂದ ತಳ್ಳುಗಾಡೀಲಿ ಕೊಂಡು ತಿನ್ನೋ ಅದೇ ಕಪ್ಪು ದ್ರಾಕ್ಷಿ. 2013ರಲ್ಲಿ ಜಿಐ ಟ್ಯಾಗ್ (ಇದು ಈ ಊರಿನದೇ ವಿಶೇಷ ಅನ್ನೋ ಭೌಗೋಳಿಕ ಗುರುತು) ಸಿಕ್ಕ ನಮ್ಮ ಹೆಮ್ಮೆಯ ಹಣ್ಣು, ಅದಕ್ಕೆ ಈ ಗತಿ. ಹತ್ತಿರ ಹೋದ್ರೆ ಹಣ್ಣೆಲ್ಲ ಆಗಲೇ ಜಜ್ಜಿಹೋಗಿದೆ, ಮೇಲೆ ನೊಣ. ಇದೇನಪ್ಪಾ ಅಂದ್ರೆ ಆ ಹುಡುಗ ಸತ್ಯ ಹೇಳಿಬಿಟ್ಟ: "ಬೆಳಗ್ಗೆ ಬಂದ ಬ್ಯಾಚ್ ತುಳಿದಿದ್ದು ಅಕ್ಕ. ಇನ್ನೂ ಚೆನ್ನಾಗೇ ಐತೆ."

ಬೇರೆಯವರು ತುಳಿದ ಹಣ್ಣು! ತಲೆಗೆ 2,800 ಕೊಟ್ಟು ಯಾರೋ ತುಳಿದ ಹಣ್ಣು ತುಳಿಯೋಕೆ ಬಂದಿದ್ವಿ! ಇದರಿಂದ ವೈನ್ ಮಾಡ್ತೀರಾ ಅಂತ ಅತ್ತಿಗೆ ಕೇಳಿದ್ರು. "ಇಲ್ಲ ಅಕ್ಕ, ಹಸುಗೆ ಹಾಕ್ತೀವಿ."

ಅಷ್ಟರಲ್ಲಿ ಅಣ್ಣ (ಅತ್ತಿಗೆಯ ಯಜಮಾನ್ರನ್ನ ನಾನು ಅಣ್ಣ ಅಂತಲೇ ಕರೆಯೋದು) ಎದ್ದು ಹೋಗಿ ಡ್ರೈವರ್ ಕೈಯಿಂದ ಲೋಟ ಕಿತ್ತುಕೊಂಡ್ರು. ಅವನಿಗೂ ಸುರಿದುಕೊಟ್ಟಿದ್ರು. "ಒಂದೇ ಸಿಪ್ಪು ಸಾರ್" ಅಂತೆ. ಗಾಡಿ ಓಡಿಸೋರ 100 ಮಿಲಿಲೀಟರ್ ರಕ್ತದಲ್ಲಿ ಆಲ್ಕೋಹಾಲ್ 30 ಮಿಲಿಗ್ರಾಂ ಮೀರಿದ್ರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಜೈಲೂ ಆಗಬಹುದು. ದಂಡ ಅತ್ಲಾಗಿರಲಿ, ಗಾಡಿ ಹೈವೇಗೆ ಹತ್ತಬೇಕಿತ್ತು, ಒಳಗಿದ್ದೋರು ನಾವು. ಅವನನ್ನ ಪಕ್ಕಕ್ಕೆ ಕೂರಿಸಿ ನಮ್ಮನೆಯವರೇ ಓಡಿಸಿಕೊಂಡು ಬಂದ್ರು. ಅವರು ಆ ವೈನ್ ಮೂಸಿ ನೋಡಿ ಅಲ್ಲೇ ಇಟ್ಟಿದ್ದು ಒಳ್ಳೇದೇ ಆಯ್ತು.

ಮನೆಗೆ ಬಂದು ದುಡ್ಡು ವಾಪಸ್ ಕೇಳಿದೆ. ಬಂದ ಉತ್ತರಗಳು, ಒಂದಾದ ಮೇಲೊಂದು:

"ಐಟಿನರಿ ಬದಲಾಗಬಹುದು ಅಂತ ಪೋಸ್ಟರ್ ಕೆಳಗೆ ಹಾಕಿದೀವಿ ಮೇಡಮ್."

"ನೀವು ವೈನರಿಗೆ ಲೇಟಾಗಿ ಹೋದ್ರಿ, ಸ್ಲಾಟ್ ಕ್ಯಾನ್ಸಲ್ ಆಯ್ತು." (ಗಾಡಿ ಯಾರದ್ದು ಸ್ವಾಮಿ?)

"ದ್ರಾಕ್ಷಿ ಪ್ರಕೃತಿಯ ಕೈಲಿರೋದು, ನಮ್ಮ ಕೈಲಿಲ್ಲ."

"ಊಟ ಮಾಡಿದ್ರಲ್ಲಾ, ಫೋಟೋ ತೆಗೆಸ್ಕೊಂಡ್ರಲ್ಲಾ."

ಇದಾದ ಮೇಲೆ, "ಫೈವ್ ಸ್ಟಾರ್ ಕೊಟ್ರೆ ಮುಂದಿನ ಟ್ರಿಪ್ಪಿಗೆ 15 ಪರ್ಸೆಂಟ್ ಡಿಸ್ಕೌಂಟ್." ಮುಂದಿನ ಟ್ರಿಪ್ಪು!

ಹೋಗೋ ಆಸೆ ಇರೋರು ವೈನರಿಗೇ ನೇರವಾಗಿ ಫೋನ್ ಮಾಡಿ, ಅವರ ಹತ್ರಾನೇ ಬುಕ್ ಮಾಡಿ. ದೊಡ್ಡಬಳ್ಳಾಪುರ ಏನು ದೂರದೂರಾ? ಬೆಂಗಳೂರಿಂದ 40 ಕಿಲೋಮೀಟರ್ ಆಸುಪಾಸು, ಮಧ್ಯೆ ಈ ದಲ್ಲಾಳಿಗಳು ಯಾಕೆ? ಏಜೆಂಟೇ ಬೇಕು ಅಂದ್ರೆ ನಿಮ್ಮ ಹೆಸರಿನ ಬುಕಿಂಗ್ ವೈನರಿಯಿಂದಲೇ ಬರಲಿ, ಆಮೇಲೆ ದುಡ್ಡು ಹಾಕಿ. ಹಣ್ಣು ನೋಡಬೇಕು ಅಂದ್ರೆ ಫೆಬ್ರವರಿ-ಮಾರ್ಚ್. ಕುಡಿಯದ ಒಬ್ಬರು ಗಾಡಿ ಓಡಿಸೋಕೆ ನಿಮ್ಮ ಜೊತೆಗೇ ಇರಲಿ. ಚುನಾವಣೆ, ಡ್ರೈ ಡೇ (ಮದ್ಯ ಮಾರಾಟ ಇಲ್ಲದ ದಿನ) ನೋಡ್ಕೊಳ್ಳಿ. ಲೈಸೆನ್ಸ್ ಇಲ್ಲದ ಶೆಡ್ಡಲ್ಲಿ ಮದ್ಯ ಹಂಚೋದು ಅಪರಾಧ. ರೇಡ್ ಆಗಿ ಹೊಸ ಅಳಿಯನ ಮುಂದೆ ಪೊಲೀಸ್ ಜೀಪ್ ಬರೋದೊಂದು ಬಾಕಿ ಇತ್ತು ನಮಗೆ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದೀನಿ. ಕೊಟ್ಟ ಮೇಲೆ 'ಗುಡ್‌ವಿಲ್' ಅಂತ 2,000 ರೂಪಾಯಿ ಹಾಕಿದಾನೆ. ಮಿಕ್ಕ 14,800 ಬರೋವರೆಗೆ ಅವನ ಪ್ರತಿ ಪೋಸ್ಟರ್ ಕೆಳಗೂ ಆ ಟಬ್ಬಿನ ಫೋಟೋ ಹಾಕ್ತಾನೇ ಇರ್ತೀನಿ. ನನ್ನ ಅಕೌಂಟ್ ಬ್ಲಾಕ್ ಮಾಡಿದಾನೆ, ಈಗ ಅತ್ತಿಗೆ ಅಕೌಂಟಿಂದ ಹಾಕ್ತಿದೀನಿ.